ನನ್ನ ತಾಯಿಗೆ ಕುದುರೆ, ನಿಮ್ಮ ತಾಯಿಗೆ ತೊಟ್ಟಿಲು

ಮಸ್ಕಿ, ಫೆಬ್ರವರಿ ೧೯೫೪

ಲಿಂಗಸುಗೂರಿನ ಬೇಸಾಯ ನುಮಾಯಿಷಿನ ಬಂದೋಬಸ್ತ್ ಅಧಿಕಾರಿಗಳಿಗೆ,

ಮಾನ್ಯರೇ,

ಕಳೆದ ತಿಂಗಳು ನಿಮ್ಮ ನುಮಾಯಿಷಿನ ಪ್ರದರ್ಶನ ಮೈದಾನದಲ್ಲಿ ನಿಮ್ಮ ತಾಯಿಯವರು ಆಕಾಶದೆತ್ತರದ ತಿರುಗುತೊಟ್ಟಿಲು ಏರಿದರು. ಅದೇ ಸಂಜೆ, ಅದೇ ತೊಟ್ಟಿಲನ್ನು ನನ್ನ ತಾಯಿಗೆ ಏರಗೊಡಲಿಲ್ಲ. ಇಬ್ಬರೂ ಅರವತ್ತು ದಾಟಿದವರು, ಇಬ್ಬರೂ ಮಕ್ಕಳ ಕೈ ಹಿಡಿದು ಬಂದವರು. ನನಗೆ ಹೊಟ್ಟೆಕಿಚ್ಚಾಗಿದೆ. ಇದಕ್ಕೆ ಸಾರ್ವಜನಿಕ ಹಿತವೆಂದೋ ನಾಗರಿಕರ ಹಕ್ಕೆಂದೋ ಹೆಸರಿಟ್ಟು ಗಂಭೀರವಾಗಿ ಬರೆಯಬಹುದಿತ್ತು. ಆದರೆ ಮಸ್ಕಿಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡವನು ನಾನು; ಖಾದಿಯನ್ನು ರೇಷ್ಮೆ ಎಂದು ಮಾರಿ ಅಭ್ಯಾಸವಿಲ್ಲ. ಹೊಟ್ಟೆಕಿಚ್ಚನ್ನು ಹೊಟ್ಟೆಕಿಚ್ಚೆಂದೇ ಒಪ್ಪಿಕೊಂಡು ಮುಂದಿನದನ್ನು ಹೇಳುತ್ತೇನೆ.

ನನ್ನ ತಾಯಿ ಸಂಗಮ್ಮನಿಗೆ ಶೇಖರಮ್ಮ ಎಂಬ ತಂಗಿ ಇದ್ದಾಳೆ. ಸಿಂಧನೂರಿನಲ್ಲಿ ಈ ಚಿಕ್ಕಮ್ಮನಿಗೆ ಅಂತಸ್ತಿನ ಮನೆಯಿದೆ. ಬಂದಾಗಲೆಲ್ಲ ಅವಳಿಗೆ ಅದೇ ಮಾತು: "ಅಕ್ಕಾ, ನಮ್ಮ ಮ್ಯಾಗಳ ಖೋಲ್ಯಾಗ ಕುಂತ್ರ ಇಡೀ ಪ್ಯಾಟಿ ಕಾಣ್ತೈತಿ. ಯಾರ ಮಾಳಗಿ ಮ್ಯಾಲ ಏನು ಒಣಗಿಸ್ಯಾರ ಅಂತ ಕುಂತಲ್ಲೇ ಹೇಳ್ತೀನಿ." ನನ್ನ ತಾಯಿಯ ಮೊಣಕಾಲು ಹೋಗಿ ಬಹಳ ವರ್ಷವಾಯಿತು. ಚಿಕ್ಕಮ್ಮನ ಮನೆಯ ಏಣಿಯಂಥ ಮೆಟ್ಟಿಲು ಅವಳಿಂದ ಆಗದು. ಪ್ರತಿ ಸಲವೂ ಕೆಳಗಿನ ಪಡಸಾಲೆಯಲ್ಲೇ ಉಂಡು, ಅಲ್ಲೇ ಮಲಗಿ, ಮೇಲಿನಿಂದ ತೇಲಿಬರುವ ತಂಗಿಯ ನಗೆಯನ್ನು ಕೇಳಿಸಿಕೊಂಡು ಊರಿಗೆ ಮರಳುತ್ತಾಳೆ. ನಿಮ್ಮ ತೊಟ್ಟಿಲಿನ ಸುದ್ದಿ ಮಸ್ಕಿಗೆ ಮುಟ್ಟಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ:

"ಹಂಪಣ್ಣಾ, ಅದಕ್ಕ ಮೆಟ್ಟಲಾ ಏನರ ಅದಾವೇನು?"

"ಇಲ್ಲಬೇ. ನೆಲದ ಮ್ಯಾಗ ನಿಂತು ಅದರಾಗ ಕುಂದ್ರಬೇಕು, ಅದ ಎತ್ತಿಕೊಂಡು ಹೋಗ್ತೈತಂತ."

ಅವಳು ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದು ಬಿಸಿಲಿಗೆ ಹಾಕಿದಳು.

ತಾಯಿಯನ್ನು ಕಣ್ಣುಮುಚ್ಚಿ ಯಂತ್ರದ ಮೇಲೆ ಕೂರಿಸುವ ಮಗ ನಾನಲ್ಲ. ಹಿಂದಿನ ದಿನವೇ ಲಿಂಗಸುಗೂರಿಗೆ ಬಂದು ಎಲ್ಲವನ್ನೂ ನಾನೇ ಏರಿ ನೋಡಿದೆ. ದೋಣಿ ಉಯ್ಯಾಲೆ ಏರಿದಾಗ, ಮೊದಲೇ ತಿಂದಿದ್ದ ಮಿರ್ಚಿ ಮಂಡಾಳು ಗಂಟಲಿಗೆ ಬಂತು. ಅದು ತಾಯಿಗೆ ಬೇಡವೆಂದು ತೀರ್ಮಾನಿಸಿದೆ. ಮರದ ಕುದುರೆ ನೋಡಲು ಪಾಪದ್ದು, ನೆಲದಿಂದ ಮೊಳದೆತ್ತರ ಅಷ್ಟೇ. ಆದರೆ ಅದನ್ನು ಏರಲು ಕಾಲೆತ್ತಿ ದಾಟಿಸಬೇಕು, ಒರಗಲು ಬೆನ್ನಿಗೆ ಆಸರೆಯಿಲ್ಲ, ಸುತ್ತುವಾಗ ಮೇಲಕ್ಕೂ ಕೆಳಕ್ಕೂ ಎಗರುತ್ತದೆ, ಇಳಿಯುವಾಗ ಜಾರಬೇಕು. ತೊಟ್ಟಿಲಾದರೋ ಎಣ್ಣೆ ಎಂಜಿನ್ನಿನ ಹದಕ್ಕೆ ಸಾವಕಾಶವಾಗಿ ಏರುತ್ತದೆ. ಅದಕ್ಕೆ ಬೆನ್ನುಹಲಗೆಯಿದೆ, ಮುಂದೆ ಅಡ್ಡಪಟ್ಟಿಯಿದೆ, ನಿಲ್ಲಿಸೆಂದು ಕೂಗಿದರೆ ನಿಲ್ಲಿಸುತ್ತಾರೆ. ಮೊಣಕಾಲು ಹೋದರೂ ತಲೆ ತಿರುಗದವರಿಗೆ ಇದಕ್ಕಿಂತ ಯೋಗ್ಯವಾದದ್ದು ಆ ಮೈದಾನದಲ್ಲಿ ಮತ್ತೊಂದಿರಲಿಲ್ಲ.

ಆದರೆ ಮರುದಿನ ನಾವು ಬಸ್ಸಿಳಿದು ಬರುವಷ್ಟರಲ್ಲಿ ತಾವು ಹಲಗೆಯೊಂದನ್ನು ನೇತುಹಾಕಿಸಿದ್ದಿರಿ: ಐವತ್ತು ವರ್ಷ ದಾಟಿದವರಿಗೆ ತೊಟ್ಟಿಲು ಮನಾಯಿ, ಏರಕೂಡದು; ಅಂಥವರಿಗೆ ಕುದುರೆಗಳೇ ಯೋಗ್ಯ. ಮಾನ್ಯರೇ, ತಾವು ಆ ಕುದುರೆ ಏರಿ ನೋಡಿದ್ದಿರೇ? ಎತ್ತರವಾದದ್ದೆಲ್ಲ ಅಪಾಯ, ತಗ್ಗಾದದ್ದೆಲ್ಲ ಕ್ಷೇಮ ಎಂದು ತಮಗೆ ಹೇಳಿದವರಾರು? ಹಾಗಿದ್ದರೆ ತಮ್ಮ ಕುರ್ಚಿಗಿಂತ ಬಾವಿಯ ತಳ ಹೆಚ್ಚು ಕ್ಷೇಮವಲ್ಲವೇ?

ತೊಟ್ಟಿಲಿನ ಬಾಗಿಲು ಕಾಯುವವನು ನನ್ನ ತಾಯಿಯ ಮುಖವನ್ನೂ ಸೀರೆಯನ್ನೂ ನೋಡಿ ಸಂಕೋಚಪಟ್ಟ. "ಆಯೀ, ಸಾಹೇಬರ ಹುಕುಂ ಐತ್ರೀ. ನನ್ನ ಕೈಯಾಗ ಏನಿಲ್ಲ."

"ನಾ ಬಿದ್ರ ನಾ ಬೀಳ್ತೀನಿ, ಸಾಹೇಬ್ರು ಬೀಳ್ತಾರೇನು?" ಎಂದಳು ತಾಯಿ.

ಅಷ್ಟರಲ್ಲಿ ತಾವೇ ಬಂದಿರಿ. ನೆನಪಿರಲಿಕ್ಕಿಲ್ಲ. ತುಂಬ ಮೆತ್ತಗಿನ ದನಿಯಲ್ಲಿ "ಅಜ್ಜೀ, ಎಲ್ಲ ನಿಮ್ಮ ಒಳ್ಳೆಯದಕ್ಕೇ" ಎಂದಿರಿ. ನಾನು ಹಿಂದಿನ ದಿನ ಎಲ್ಲ ಏರಿ ನೋಡಿದ್ದನ್ನು ಹೇಳಹೊರಟೆ. ತಾವು ಅರ್ಧಕ್ಕೇ ತಡೆದು, "ಕಾನೂನು ಎಲ್ಲರಿಗೂ ಒಂದೇ" ಎಂದು ಹೊರಟುಹೋದಿರಿ. ನಿಜಾಮರ ಕಾಲ ಮುಗಿಯಿತು, ಈಗ ಎಲ್ಲರೂ ಸಮ ಎಂದು ನೀವೇ ಬೆಳಿಗ್ಗೆ ಭಾಷಣ ಮಾಡಿದ್ದಿರೆಂದು ಜನ ಹೇಳುತ್ತಿದ್ದರು. ನಾವೂ ನಂಬಿದೆವು. ನಂಬಿ ಕುದುರೆಯ ಕಡೆ ನಡೆದೆವು.

ಬೇಡವೆಂದು ನಾನು ಎಷ್ಟು ಹೇಳಿದರೂ ತಾಯಿ ಕೇಳಲಿಲ್ಲ. "ಇಷ್ಟು ದೂರ ಬಂದು ಸುಮ್ನ ಹೋದ್ರ ಶೇಖರಿ ನಗ್ತಾಳ" ಎಂದಳು. ನಾನೂ ನಮ್ಮೊಂದಿಗೆ ಬಂದಿದ್ದ ನೆರೆಯ ಜಮೀಲಾಬೀಯೂ ಸೇರಿ ಅವಳನ್ನು ಎತ್ತಿ ಕೂರಿಸಿದೆವು. ಮಕ್ಕಳ ನಡುವೆ, ಬಿಳಿ ಬಣ್ಣದ ಕುದುರೆಯ ಕಿವಿ ಹಿಡಿದು, ಹಲ್ಲು ಕಚ್ಚಿ ಅವಳು ಸುತ್ತು ಬಂದಳು. ಇಳಿಯುವಾಗ ನಾನು ಹಿಡಿಯುವ ಮುನ್ನವೇ ಕುದುರೆ ಇನ್ನೊಂದಿಷ್ಟು ಹೊರಳಿತು. ಅವಳ ಸೆರಗು ಸಿಕ್ಕಿಕೊಂಡಿತು, ಬಲಗಾಲು ತಿರುಚಿತು, ಅವಳು ಮಣ್ಣಿನ ಮೇಲೆ ಕುಸಿದಳು.

ಜಮೀಲಾಬೀ ತನ್ನ ಓಢಣಿಯನ್ನು ನೀರಲ್ಲಿ ನೆನೆಸಿ ಮೊಣಕಾಲಿಗೆ ಸುತ್ತುತ್ತಿದ್ದಾಗ ತಾಯಿ ಒಮ್ಮೆಲೆ ತಲೆಯೆತ್ತಿದಳು.

"ಹಂಪಣ್ಣಾ, ಅಲ್ಲಿ ನೋಡು. ಅದು ಶೇಖರಿ ಅಲ್ಲೇನು?"

ಶೇಖರಿಯೇ. ತೊಟ್ಟಿಲಿನ ತುದಿಯಲ್ಲಿ, ಆಕಾಶಕ್ಕೆ ತಗುಲಿದಂತೆ, ನನ್ನ ಚಿಕ್ಕಮ್ಮ. ಅವಳ ಪಕ್ಕದಲ್ಲಿ ಕಪ್ಪು ಶಾಲಿನ ಹಿರಿಯರೊಬ್ಬರು. ತೊಟ್ಟಿಲು ಕೆಳಗೆ ಬಂದಾಗ ಅಡ್ಡಪಟ್ಟಿ ತೆಗೆದು "ಅವ್ವಾ, ಹುಷಾರು" ಎಂದು ಕೈಕೊಟ್ಟವರು ತಾವು. ಚಿಕ್ಕಮ್ಮನ ಮಗ ಅಮರಗುಂಡಪ್ಪ ನುಮಾಯಿಷಿಗೆ ತನ್ನ ಜೋಡೆತ್ತುಗಳನ್ನು ಕಳಿಸಿದ್ದ, ಶಾಮಿಯಾನ ಹಾಕಿಸಿದ್ದ. ಅದರ ಫಲವಾಗಿ ಅವನ ತಾಯಿಗೂ ತಮ್ಮ ತಾಯಿಗೂ ಖಾಸಾ ಬಂದೋಬಸ್ತ್ ಆಗಿತ್ತೆಂದು ಆಮೇಲೆ ತಿಳಿಯಿತು. ಐವತ್ತು ದಾಟಿದವರ ಎಲುಬು ಶಾಮಿಯಾನದ ನೆರಳಿನಲ್ಲಿ ಗಟ್ಟಿಯಾಗುತ್ತದೆಂದು ನನಗೆ ಗೊತ್ತಿರಲಿಲ್ಲ.

ನಾನು ಆ ಹೊತ್ತಿನಲ್ಲಿ ಅನುಭವಿಸಿದ್ದನ್ನು ಮುಚ್ಚಿಡುವುದಿಲ್ಲ. ಮೊದಲು ನೋಡಿದ್ದು ತಾಯಿಯ ಕಾಲನ್ನಲ್ಲ, ನಿಮ್ಮ ಕೈಯನ್ನು. ಎಷ್ಟು ನಿರಾಳವಾಗಿ ಅದು ಆ ಪಟ್ಟಿಯನ್ನು ತೆಗೆಯಿತು! ನನ್ನ ಕೈಗೆ ಆ ಭಾಗ್ಯವೇಕಿಲ್ಲ ಎಂದು ಮೈಯೆಲ್ಲ ಉರಿಯಿತು. ಅಮರಗುಂಡಪ್ಪ ನನ್ನನ್ನು ಕಂಡು ಕೈಬೀಸಿದ. ನಾನು ಕಾಣದವನಂತೆ ಕುದುರೆಯ ಬಣ್ಣ ನೋಡುತ್ತ ನಿಂತೆ.

ತಾಯಿ ಹಾಸಿಗೆ ಹಿಡಿದಳು. ಚಿಕ್ಕಮ್ಮ ನೋಡಲು ಬಂದಳು; ಬಂದವಳು ಮಂಚದ ತುದಿಯಲ್ಲಿ ಕುಳಿತು ಮೇಲಿನಿಂದ ಕಂಡದ್ದನ್ನು ಬಣ್ಣಿಸತೊಡಗಿದಳು. ಪೇಟೆಯ ಮಾಳಿಗೆಗಳು ಕಂಡವಂತೆ, ದೂರದ ಗುಡ್ಡಗಳು ಕಂಡವಂತೆ, ಎತ್ತುಗಳು ಇರುವೆಯಷ್ಟೇ ಇದ್ದವಂತೆ. ತಾಯಿ ಗೋಡೆಗೆ ಮುಖಮಾಡಿ ಕೇಳಿದಳು. ಕೊನೆಗೆ ತಿರುಗಿ, "ಶೇಖರಿ, ಲಿಂಗಸುಗೂರು ಬಸ್‌ಸ್ಟ್ಯಾಂಡಿನ ಬಾಜೂಕ ಹೊಸಾ ಕೆಂಪು ಹೆಂಚಿನ ಮನಿ ಐತಿ. ಮ್ಯಾಲಿಂದ ಹೆಂಗ ಕಾಣ್ತೈತಿ?" ಎಂದಳು.

ಚಿಕ್ಕಮ್ಮ ಸೆರಗಿನ ತುದಿ ತಿರುವಿದಳು. "ಅಕ್ಕಾ, ನಿನ್ನ ಮುಂದ ಯಾಕ ಸುಳ್ಳು? ನಾ ಏನೂ ನೋಡಿಲ್ಲ. ಮ್ಯಾಲ ಹೋಗೋದ ತಡ ಅಂಜಿ ಕಣ್ಣು ಮುಚ್ಚಿಬಿಟ್ಟೆ. ಆ ಸಾಹೇಬ್ರ ಅವ್ವನ ಕೈ ಗಟ್ಟಿ ಹಿಡಕೊಂಡಿದ್ದೆ. ಆಕೀನೂ ಮುಚ್ಯಾಳಂತ, ಆಮ್ಯಾಲ ಹೇಳಿದ್ಲು."

ನನ್ನ ತಾಯಿ ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು, ಕಾಲಿನ ನೋವು ಮರೆಯುವಷ್ಟು ನಕ್ಕಳು. ಇಲ್ಲಿಗೆ ಅವಳ ಹೊಟ್ಟೆ ತಣ್ಣಗಾಯಿತೆಂದು ನಾನು ಸಮಾಧಾನಪಟ್ಟೆ. ಚಿಕ್ಕಮ್ಮ ಬಸ್ಸು ಹತ್ತಿದ ಮೇಲೆ ತಾಯಿ ಹೇಳಿದ ಮಾತೇ ಈ ಪತ್ರ ಬರೆಯಿಸಿತು:

"ಕಣ್ಣು ಮುಚ್ಚಿದ್ರೂ ಮ್ಯಾಲ ಹೋಗಿ ಬಂದಾಳಲ್ಲೋ. ಮುಚ್ಚೋದೋ ತೆರೆಯೋದೋ, ಅದು ಆಕಿ ಮರ್ಜಿ ಆತು. ನನಗ ಅದೂ ಸಿಗಲಿಲ್ಲ."

ಮಾನ್ಯರೇ, ನುಮಾಯಿಷು ಮುಂದಿನ ತಿಂಗಳು ಸಿಂಧನೂರಿಗೆ ಬರುತ್ತದೆಂದು ಡಂಗುರ ಸಾರಿದ್ದಾರೆ. ಆ ಹಲಗೆಯನ್ನು ದಯವಿಟ್ಟು ಲಿಂಗಸುಗೂರಿನಲ್ಲೇ ಬಿಟ್ಟು ಬನ್ನಿ. ವಯಸ್ಸು ಕೇಳುವ ಬದಲು ಮೊಣಕಾಲು ಹೇಗಿದೆ, ತಲೆ ತಿರುಗುತ್ತದೆಯೇ, ಎದೆ ಗಟ್ಟಿಯಿದೆಯೇ ಎಂದು ಕೇಳಿಸಿರಿ. ಯಾವುದಕ್ಕೆ ಕಾಲೆತ್ತಬೇಕು, ಯಾವುದು ಎಗರುತ್ತದೆ, ಯಾವುದು ಕೂಗಿದರೆ ನಿಲ್ಲುತ್ತದೆ ಎಂದು ಮೊದಲೇ ಹೇಳಿಸಿರಿ. ಮುದುಕರು ಇಳಿಯುವಾಗ ಕುದುರೆಗಳನ್ನು ಪೂರ್ತಿ ನಿಲ್ಲಿಸಿರಿ. ಆಮೇಲೆ ಅವರು ಆರಿಸಿಕೊಳ್ಳಲಿ. ಹೀಗೆ ಮಾಡಲು ಸರ್ಕಾರದ ಅಪ್ಪಣೆ ಬೇಕಾಗಲಾರದು, ಒಮ್ಮೆ ತಾವೇ ಕುದುರೆ ಏರಿ ಇಳಿದರೆ ಸಾಕು.

ತಮ್ಮ ತಾಯಿಯವರನ್ನೂ ಅವಶ್ಯವಾಗಿ ಕರೆತನ್ನಿ. ನನ್ನ ತಾಯಿ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರು ಕಣ್ಣು ಮುಚ್ಚಿದರೆ ತಾನು ಕಂಡದ್ದನ್ನೆಲ್ಲ ಬಾಯಿಮಾತಿನಲ್ಲಿ ತಿಳಿಸುವುದಾಗಿ ಹೇಳಿದ್ದಾಳೆ. ಚಿಕ್ಕಮ್ಮ ಮಾತ್ರ ಕೆಳಗೆ ನಿಂತು ನೋಡಬೇಕಂತೆ. ಆ ಒಂದು ವಿಷಯದಲ್ಲಿ ಯಾರ ಶಿಫಾರಸೂ ನಡೆಯುವುದಿಲ್ಲ.

ಇಂತಿ,
ತಾಯಿಗೆಂದು ಎಲ್ಲವನ್ನೂ ತಾನೇ ಏರಿ ನೋಡಿ, ಕೊನೆಗೆ ಅವಳನ್ನು ಕುದುರೆಯಿಂದ ಕೆಡವಿಕೊಂಡು ಬಂದ ಮಗ,
ಹಂಪಣ್ಣ
ಬಟ್ಟೆ ವ್ಯಾಪಾರಿ, ಮಸ್ಕಿ