ಪುಡಿ ತಿಂದೂ ಕೆಮ್ಮಿದವರು

ಬೆಟಗೇರಿ, 30 ಫೆಬ್ರವರಿ 2193

ನನಗಿಂತ ಬಹಳ ಮೊದಲು ಹುಟ್ಟಿದವರೇ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು. ಕ್ಷಮಿಸಿ, ಆದರೆ ಓದುವುದನ್ನು ನಿಲ್ಲಿಸಬೇಡಿ.

ನಮ್ಮ ಮನೆಗಳಿಗೆ ದಿನಾ ಬೆಳಿಗ್ಗೆ 'ಒಳಪಡೆ' ಬರುತ್ತದೆ. ಜೀವಂತ ಬ್ಯಾಕ್ಟೀರಿಯಾಗಳಿರುವ ಪುಡಿ ಅದು. ನೀವು ಪ್ರೊಬಯಾಟಿಕ್ ಎನ್ನುತ್ತಿದ್ದಿರಿ. ಮೊಸರಿನಲ್ಲಿ ಕಲಸಿ ತಿನ್ನಬೇಕು. ತಿಂದವರಿಗೆ ರೋಗನಿರೋಧಕ ಶಕ್ತಿ ಬರುತ್ತದೆ, ನೆಗಡಿ, ಕೆಮ್ಮು, ನ್ಯುಮೋನಿಯಾ ಹತ್ತಿರ ಸುಳಿಯುವುದಿಲ್ಲ ಎಂದು ಅದನ್ನು ಹಂಚುವ ಸರ್ಕಾರಿ ಉಸಿರು ಮಂಡಳಿ ಸಾರುತ್ತದೆ. ನಿಮ್ಮ ಕಾಲದ ಕರಪತ್ರವೊಂದು ನನ್ನ ಬಳಿ ಇದೆ. ಇಂಥ ಪುಡಿಗಳಿಂದ ಕೆಲವರಿಗೆ ನೆಗಡಿ ಸ್ವಲ್ಪ ಕಡಿಮೆಯಾದೀತು, ಖಚಿತವಿಲ್ಲ ಎಂದಷ್ಟೇ ಅದರಲ್ಲಿದೆ. ಆ 'ಸ್ವಲ್ಪ' ಯಾರ ಕೈಯಲ್ಲಿ 'ಪೂರ್ತಿ' ಆಯಿತು? ಅಂದು ಯಾರೂ ಕೇಳಲಿಲ್ಲವೇ?

ಒಳಪಡೆ ಬಂದ ಮೇಲೆ ಉಳಿದದ್ದೆಲ್ಲ ಬೇಡವಾಯಿತು. ನನ್ನ ಅವ್ವ ನೀಲಗಂಗವ್ವ ನೇಯುವ ಶೆಡ್ಡಿನಲ್ಲಿ ಎಂಬತ್ತು ಮಗ್ಗಗಳಿವೆ. ಯಂತ್ರದ ತಂಪು ಗಾಳಿ ಹೊರಗೆ ಹೋಗಬಾರದೆಂದು ಅದರ ಕಿಟಕಿಗಳಿಗೆ ಸಿಮೆಂಟು ಮೆತ್ತಿದರು. ಕೆಮ್ಮು ಬಂದವರಿಗೆ ರಜೆ ಕೊಡುವ ನಿಯಮ ಹೋಯಿತು. ಲಸಿಕೆ ಹಾಕುತ್ತಿದ್ದ ಕೋಣೆಯಲ್ಲಿ ಪುಡಿಯ ಡಬ್ಬಿಗಳನ್ನು ಪೇರಿಸಿದರು. ಕೆಮ್ಮಿದವರು ಪುಡಿ ತಪ್ಪಿಸಿದ ಸೋಮಾರಿಗಳು ಎನಿಸಿಕೊಂಡದ್ದರಿಂದ ಎಲ್ಲರೂ ಕೆಮ್ಮು ಬಚ್ಚಿಡಲು ಕಲಿತರು. ಕಳೆದ ತಿಂಗಳು ಪಕ್ಕದ ಮಗ್ಗದ ಶರಣವ್ವ ಮೂರು ದಿನ ಬಾಯಿಗೆ ಸೆರಗು ತುರುಕಿಕೊಂಡು ನೇಯ್ದಳು. ನಾಲ್ಕನೆಯ ದಿನ ಅವ್ವನಿಗೆ ಜ್ವರ ಬಂತು. ಏಳನೆಯ ದಿನ ಅವಳಿಗೆ ಉಸಿರಾಡಲು ಆಗಲಿಲ್ಲ.

ಎದೆಯ ಕಾಯಿಲೆಗಳ ಆಸ್ಪತ್ರೆಯನ್ನು ನಾವು ಉಸಿರುಮನೆ ಎನ್ನುತ್ತೇವೆ. ಅಲ್ಲಿ ಹಾಸಿಗೆ ಕೊಡುವ ಮೊದಲು ಗುಮಾಸ್ತ ಒಂದು ಹಾಳೆ ಮುಂದಿಟ್ಟ. ರೋಗಿ ಒಳಪಡೆ ತಪ್ಪಿಸಿದ್ದಾರೆ ಎಂದು ಮನೆಯವರು ಸಹಿ ಹಾಕಬೇಕು.

"ಒಂದ್ ದಿನಾನೂ ತಪ್ಪಿಸಿಲ್ರೀ. ದಿನಾ ನಾನ ಕಲಸಿ ಕೊಟ್ಟೀನಿ," ಎಂದೆ.

"ತಪ್ಪಿಸದವ್ರಿಗೆ ಕೆಮ್ಮು ಬರೂದಿಲ್ಲ ಅಕ್ಕಾರ. ಕೆಮ್ಮು ಬಂದೈತಿ ಅಂದ್ರ ತಪ್ಪಿಸ್ಯಾರ."

"ಯಾರ್ ಹೇಳಿದ್ರು?"

"ರಿಜಿಸ್ಟರ್ ಹೇಳ್ತೈತಲ್ರೀ. ಹದಿನಾಲ್ಕ್ ವರ್ಷದಾಗ ಪುಡಿ ತಿಂದಾವ್ರು ಒಬ್ರೂ ಇಲ್ಲಿಗೆ ಬಂದಿಲ್ಲ ನೋಡ್ರಿ."

ಅವ್ವ ನನ್ನ ಕೈ ಹಿಡಿದಳು. "ಹಾಕವಾ ಸಹಿ. ನಿನ್ನ ಸತ್ಯ ಆಮ್ಯಾಲೆ ಹೇಳೀಯಂತ, ಮೊದಲು ಗಾಳಿ ಕೊಡಸು."

ಹಾಕಿದೆ. ಆಮ್ಲಜನಕ ಕೊಟ್ಟರು. ಹನ್ನೊಂದು ದಿನಗಳ ಮೇಲೆ ಅವ್ವ ಮನೆಗೆ ಬಂದಳು. ಒಳಪಡೆಯ ಯಶಸ್ಸು ಈ ತಿಂಗಳೂ ನೂರಕ್ಕೆ ನೂರು ಎಂದು ಮಂಡಳಿ ಪ್ರಕಟಿಸಿತು. ಆ ನೂರರಲ್ಲಿ ನನ್ನ ಸಹಿಯೂ ಇದೆ ಎಂದು ಆಗ ಹೊಳೆಯಿತು.

ಓಣಿಯ ಮನೆಮನೆಗೆ ಹೋದೆ. ಇದೇ ಸುಳ್ಳಿಗೆ ಸಹಿ ಹಾಕಿದ ಮೂವತ್ತೇಳು ಮನೆಗಳು ಸಿಕ್ಕವು. ಹೀಗಾದದ್ದು ತಮಗೊಬ್ಬರಿಗೇ ಎಂದು ಪ್ರತಿಯೊಬ್ಬರೂ ತಿಳಿದಿದ್ದರು. ಶರಣವ್ವ ಅತ್ತಳು, ಅವಳೂ ಪುಡಿ ತಪ್ಪಿಸಿರಲಿಲ್ಲ. ನಾಳೆ ನಾವೆಲ್ಲ ಸಹಿ ಹಿಂತೆಗೆದುಕೊಳ್ಳಲು ಹೋಗುತ್ತೇವೆ. ಹಾಗೆ ಮಾಡಿದವರಿಗೆ ಮುಂದೆ ಉಸಿರುಮನೆಯಲ್ಲಿ ಹಾಸಿಗೆ ಸಿಗದು ಎಂದು ನಿನ್ನೆ ನೋಟಿಸು ಅಂಟಿಸಿದ್ದಾರೆ. ಅವ್ವನ ಎದೆ ಇನ್ನೂ ಸುಂಯ್‌ಗುಟ್ಟುತ್ತದೆ. ನೀನು ಬರಬೇಡ ಎಂದೆ. ಅವಳು ಚಪ್ಪಲಿ ಒರೆಸಿ ಬಾಗಿಲ ಬಳಿ ಇಟ್ಟಳು.

ನಾಳೆ ಏನಾಗುವುದೋ ತಿಳಿಯದು. ಅದಕ್ಕೇ ಇಂದೇ ಬರೆಯುತ್ತಿದ್ದೇನೆ. ನೀವು ಮೊಸರು ತಿನ್ನಿ, ಒಳ್ಳೆಯದೇ. ಆದರೆ ಕಿಟಕಿ ತೆರೆದಿಡಿ, ಲಸಿಕೆ ಹಾಕಿಸಿಕೊಳ್ಳಿ, ಕೆಮ್ಮು ಬಂದರೆ ನಾಚದೆ ಮನೆಯಲ್ಲಿರಿ. ಡಬ್ಬಿ ಹಿಡಿದು ಬಂದವರು ಎಷ್ಟೇ ನಗುನಗುತ್ತ ಮಾತಾಡಿದರೂ, ಇದನ್ನು ತಿಂದೂ ಕಾಯಿಲೆ ಬಿದ್ದವರೆಷ್ಟು ಎಂದು ಕೇಳಿ. ಒಬ್ಬರೂ ಇಲ್ಲ ಎಂದರೆ, ಹಾಗೆ ಬಿದ್ದವರನ್ನೆಲ್ಲ ಎಲ್ಲಿ ಬಚ್ಚಿಟ್ಟಿದ್ದೀರಿ ಎಂದು ಕೇಳಿ.

ನೀಲಗಂಗವ್ವನ ಮಗಳು,
ಚಂಪಾವತಿ