ಒಬ್ಬರನ್ನು ಕರೆತರಬಹುದಂತೆ

ಜುಲೈ ೯, ಬುಧವಾರ

ನನ್ನ ಮುದ್ದು ಮಗಳಿಗೆ,

ಅಮ್ಮನ ಪ್ರೀತಿ. ನಿನ್ನ ಕಾಗದ ಬಂದು ಹನ್ನೆರಡು ದಿನವಾದರೂ ಉತ್ತರ ಬರೆಯಲಿಲ್ಲ, ತಪ್ಪು ತಿಳಿಯಬೇಡ. ಲಾಂಡ್ರಿಯಲ್ಲಿ ಒಂದು ಯಂತ್ರ ಕೆಟ್ಟು ಆಸ್ಪತ್ರೆಯ ಹೊದಿಕೆಗಳೆಲ್ಲ ರಾಶಿ ಬಿದ್ದಿದ್ದವು ಅಂತ ನೆಪ ಹೇಳಬಹುದು. ನಿಜ ಹೇಳಿಬಿಡುತ್ತೇನೆ, ನನಗೆ ಹೊಟ್ಟೆಕಿಚ್ಚು.

ನಾಲ್ಕು ಪುಟದ ಕಾಗದದಲ್ಲಿ ನೀನಿರುವ ಗಾರ್ಮೆಂಟ್ಸಿನ ಆ ಟೈಲರಕ್ಕ ಹತ್ತೊಂಬತ್ತು ಸಲ ಬಂದಿದ್ದಾಳೆ. ಅವಳು ಮ್ಯಾನೇಜರ್ ಎದುರು ಕೂತು ಮಾತಾಡಿದ್ದು, ಹೊಲಿಗೆಯವರನ್ನೆಲ್ಲ ಒಂದು ಮಾಡಿದ್ದು, ನಿನಗೆ ಜಡೆ ಹಾಕಿದ್ದು. ನಾನು ಬಾಚಣಿಗೆ ಹಿಡಿದರೆ 'ಬಿಡಮ್ಮ, ನಾನೇನು ಮಗುನಾ' ಅಂತಿದ್ದವಳು ನೀನು. ಅವಳ ಬೆರಳಿಗೇನು ಬಂಗಾರ ಮೆತ್ತಿದೆಯೋ.

ಕಾಲೇಜಿನವರು ನಿನ್ನನ್ನು ಈ ಇಂಟರ್ನ್‌ಶಿಪ್ಪಿಗೆ ಆರಿಸಿದಾಗ ಊರಿಗೆಲ್ಲ ಹೇಳಿಕೊಂಡು ತಿರುಗಿದವಳು ನಾನೇ. ದುಡಿಯುವ ಹೆಂಗಸರ ಜೊತೆ ಮೂರು ತಿಂಗಳಿದ್ದು ಸಾಮಾಜಿಕ ನ್ಯಾಯ, ನಾಯಕತ್ವ ಎಲ್ಲ ಕಲಿಯುತ್ತಾಳೆ ಅಂದೆ. 'ಅದನ್ನ ಕಲಿಯೋಕೆ ಅಷ್ಟು ದೂರ ಯಾಕೆ ಹೋಗ್ಬೇಕಿತ್ತು, ನೀನೇ ಇದೀಯಲ್ಲ' ಅಂದಳು ನಮ್ಮ ಇಸ್ತ್ರಿಯವಳು. ಕೈಗವಸು ಕೊಡುವವರೆಗೆ ರಕ್ತದ ಬಟ್ಟೆ ಮುಟ್ಟುವುದಿಲ್ಲ ಅಂತ ಇಪ್ಪತ್ತಾರು ಹೆಂಗಸರನ್ನು ಬಾಗಿಲಲ್ಲಿ ಕೂರಿಸಿದವಳು ನಾನು. ಆಗ ನಿನಗೆ ಏಳು ವರ್ಷ, ನನ್ನ ತೊಡೆಯ ಮೇಲೇ ಕೂತಿದ್ದೆ. ನಿನಗೆ ಅದು ಲೆಕ್ಕಕ್ಕೇ ಬರಲಿಲ್ಲ.

ನಿಮ್ಮ ಇಂಟರ್ನ್‌ಶಿಪ್ಪಿನವಳೇ ಒಬ್ಬಳು ನಮ್ಮ ಲಾಂಡ್ರಿಗೂ ಬಂದಿದ್ದಾಳೆ, ಬೇರೆ ಕಾಲೇಜಿನ ಕನ್ನಡಕದ ಹುಡುಗಿ. ಮೊದಲ ದಿನ ಮಡಚಿಟ್ಟ ಹೊದಿಕೆಗಳನ್ನೆಲ್ಲ ಮತ್ತೆ ಒಗೆಯಲು ಹಾಕಿದಳು. ಈಗ ಪರವಾಗಿಲ್ಲ. ಕೈಗವಸಿನ ಕಥೆ ಹೇಳಿ ಅಂತ ಬೆನ್ನು ಬಿಡುವುದಿಲ್ಲ, ಕೇಳಿ ಬರೆದುಕೊಳ್ಳುತ್ತಾಳೆ. ನೀನು ಒಂದು ಸಲವಾದರೂ ಕೇಳಿದ್ದೀಯಾ?

ಸಮಾರೋಪದ ದಿನ ಪ್ರತಿ ವಿದ್ಯಾರ್ಥಿಯೂ 'ನನಗೆ ನಾಯಕತ್ವ ಕಲಿಸಿದವರು' ಅಂತ ಒಬ್ಬರನ್ನು ವೇದಿಕೆಗೆ ಕರೆತರಬಹುದಂತೆ. ನೀನು ಟೈಲರಕ್ಕನನ್ನು ಕರೆದಿದ್ದೀಯ. 'ನಿನಗೆ ರಜೆ ಸಿಗಲ್ಲ ಅಲ್ವಾಮ್ಮ, ಬೇಜಾರಿಲ್ಲ ತಾನೆ' ಅಂತಲೂ ಬರೆದಿದ್ದೀಯ. ರಜೆ ಸಿಗುತ್ತದೆ. ಬೇಜಾರೂ ಇದೆ. ಅವಳು ಒಳ್ಳೆಯವಳೇ ಇರಬೇಕು, ಅದಕ್ಕೇ ಇನ್ನೂ ಉರಿ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಾಲ್ಕು ಜನಕ್ಕೆ ಬೇಕಾದವಳಾಗಿ ನೂರು ಕಾಲ ಬಾಳು.

ನಿನ್ನ
ಅಮ್ಮ

ಬರೆಯದೆ ಬಿಟ್ಟದ್ದು: ಸಮಾರೋಪಕ್ಕೆ ನಾನೂ ಬರುತ್ತಿದ್ದೇನೆ. ಕನ್ನಡಕದ ಹುಡುಗಿ ತನ್ನ ಜೊತೆ ವೇದಿಕೆಗೆ ನನ್ನನ್ನೇ ಕರೆದಳು. 'ನಿಮ್ಮಮ್ಮ?' ಅಂತ ಕೇಳಿದೆ. 'ಅವರು ಶಾಲೇಲಿ ಅಡುಗೆ ಮಾಡ್ತಾರೆ, ಇದೆಲ್ಲ ಅವರಿಗೆ ಗೊತ್ತಾಗಲ್ಲ' ಅಂದಳು. ಆ ತಾಯಿಗೆ ಹೇಗಾಗುತ್ತದೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೇಡ, ಅವರನ್ನೇ ಕರಿ ಅಂತ ನಾಲಿಗೆ ತುದಿಗೆ ಬಂದಿತ್ತು. ಆದರೂ ಬರುತ್ತೇನೆ ಅಂದುಬಿಟ್ಟೆ. ಆ ಹುಡುಗಿಯ ಪಕ್ಕ ನಾನು ನಿಂತಾಗ ನಿನ್ನ ಹೊಟ್ಟೆಯಲ್ಲೂ ಒಂದಿಷ್ಟು ಉರಿಯಬೇಕು, ಅಷ್ಟೇ.