ಹಳ್ಳದ ಆಚೆ ದಂಡೆಯಲ್ಲಿ ಕಂಡದ್ದು

ಸದಾಶಿವ ಪೇಠ, ಪುಣೆ
ಬುಧವಾರ, ೪ ಡಿಸೆಂಬರ್ ೨೦೨೪

ಮಗಳು ನೀತಾಗೆ ಅವ್ವನ ಆಶೀರ್ವಾದ.

ಈಗ ಮಧ್ಯಾಹ್ನ ಮೂರೂವರೆ. ಬೆಳಿಗ್ಗೆ ಹೊದಿಕೆಗಳನ್ನು ಬಿಸಿಲಿಗೆ ಹಾಕಿದೆ, ಶೇಂಗಾ ಚಟ್ನಿ ಕುಟ್ಟಿದೆ. ಊಟದ ಹೊತ್ತಿಗೆ ಒಬ್ಬರು ಬಂದರು, ಈಗಷ್ಟೇ ಹೋದರು. ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡ. ನಿಮ್ಮಪ್ಪ ಹೋದ ಮೇಲೆ ಪೆನ್ನು ಹಿಡಿದರೆ ಏನು ಬರೆಯಬೇಕೆಂದೇ ತಿಳಿಯುತ್ತಿರಲಿಲ್ಲ. ಇವತ್ತಿನ ವಿಷಯ ಫೋನಿನಲ್ಲಿ ಹೇಳುವಂಥದ್ದಲ್ಲ. ನಡುವೆ ನೀನು ಅಳುತ್ತೀ, ಆಮೇಲೆ ನನಗೆ ಮುಂದೆ ಹೇಳಲಾಗುವುದಿಲ್ಲ.

ಬಂದವರು ಫಕೀರಪ್ಪ. ಹಳಿಯಾಳದ ಕಡೆ ನಿಮ್ಮಪ್ಪನ ಊರಿನವರೇ. ಬೇಟೆಗೆ ಇನ್ನೂ ಕಾನೂನಿನ ತಡೆ ಇಲ್ಲದ ಕಾಲದಲ್ಲಿ ಇಬ್ಬರೂ ಒಂದೇ ಗುಂಪಿನಲ್ಲಿ ಅಡವಿಗೆ ಹೋಗುತ್ತಿದ್ದರು. ಈಗ ಕೊಂಢವಾದಲ್ಲಿ ಮಗ ಮಾಂತುವಿನ ಮನೆಯಲ್ಲಿದ್ದಾರೆ. ಗೆಳೆಯ ತೀರಿಕೊಂಡದ್ದು ಪುಣೆಗೆ ಬಂದ ಮೇಲೆಯೇ ತಿಳಿಯಿತಂತೆ. ಬಾಗಿಲಲ್ಲೇ ನಿಂತು, "ತಂಗೀ, ದುರ್ಗ್ಯಾ ನನಗ ಹೇಳದ ಹ್ವಾದ ನೋಡವಾ. ಮೊದಲಿಂದ್ಲೂ ಹಂಗ ಅಂವ. ಹಂದಿ ಬೆನ್ನಟ್ಟೂವಾಗೂ ನನ್ನ ಒಂದು ಮಾತು ಕೇಳ್ತಿದ್ದಿಲ್ಲ" ಎಂದು ನಕ್ಕರು, ಅತ್ತರು.

ಊಟಕ್ಕೆ ಕೂತಾಗ ಕೊನೆಯ ದಿನಗಳ ಬಗ್ಗೆ ಕೇಳಿದರು. ನಾನು, "ಅಡವ್ಯಾಗ ಏನೋ ಕಂಡೀನಿ ಅಂತಿದ್ರು" ಎಂದೆ.

ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. "ಹೇಳಿಬಿಟ್ನೇನು? ಹಂಗಾರ ನನ್ನ ಆಣೀನೂ ಮುಗೀತು" ಎಂದರು.

ನಾನು ಬೇರೇನೂ ಹೇಳಲಿಲ್ಲ, ನೀತಾ. ಅವರ ಬಾಯಿಂದಲೇ ಬರಲಿ ಎಂದು ಸುಮ್ಮನೆ ಪಲ್ಯ ಬಡಿಸಿದೆ.

"ನಸುಕಿನ್ಯಾಗ ಹಳ್ಳದ ದಂಡಿಗೆ ಇಬ್ಬರ ಕುಂತಿದ್ವಿ. ನಾಯಿ ಮುಂದ ಹೆಜ್ಜಿ ಇಡವಲ್ತು. ಆಚಿ ದಂಡಿಗೆ ಅದು ಕುಂತು ಬೊಗಸಿಲೆ ನೀರು ಕುಡೀತಿತ್ತು. ಕರಡಿ ಅಲ್ಲ, ಮಂಗ್ಯಾ ಅಲ್ಲ. ಆಳೆತ್ತರ, ಮೈತುಂಬ ಬೂದಿ ಬಣ್ಣದ ಕೂದಲ. ದುರ್ಗ್ಯಾ ಬಂದೂಕ ಎತ್ತಿದ. ಅದು ಓಡ್ಲಿಲ್ಲವಾ. ಹಿಂಗ ಮಾಡ್ತು."

ಎಡಗೈಯನ್ನು ಮುಖಕ್ಕೆ ಅಡ್ಡ ಹಿಡಿದು, ಬೆರಳು ಬಿಡಿಸಿ, ಸಂದಿಯಿಂದ ನನ್ನನ್ನು ನೋಡಿದರು.

ಆಸ್ಪತ್ರೆಯ ಹಾಸಿಗೆಯಲ್ಲಿ ನಿಮ್ಮಪ್ಪ ಮಾಡುತ್ತಿದ್ದರಲ್ಲ, ಥೇಟ್ ಹಾಗೆಯೇ. "ಆಜೋಬಾ ಲಾಜತಾಯತ", ಅಜ್ಜನಿಗೆ ನಾಚಿಕೆ ಎಂದು ನರ್ಸ್ ನಗುತ್ತಿದ್ದಳು.

ನಿಮ್ಮಪ್ಪ ಬಂದೂಕು ಇಳಿಸಿದರಂತೆ. ಗುಂಪಿನ ಹಿರಿಯ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳಿದನಂತೆ. ಇಬ್ಬರ ಮಾತೂ ಒಂದೇ ಆದಾಗ, ಬೇಟೆನಾಯಿಯ ತಲೆ ಮುಟ್ಟಿಸಿ ಆಣೆ ಹಾಕಿಸಿದನಂತೆ: ಹೆಂಡತಿ ಮಕ್ಕಳ ಮುಂದೆಯೂ ಬಾಯಿ ಬಿಡಬಾರದು. "ಮಾತು ಹೊರಗ ಬಿತ್ತಂದ್ರ ಹತ್ತೂರಿನ ಬಂದೂಕು ಹಳ್ಳಕ್ಕ ಇಳೀತಾವು, ಅದನ್ನ ಉಳಸೂದಿಲ್ಲ ಅಂದ ಮುದುಕ." ಉಳಿದವರು ಮಾತ್ರ, ಗುಂಡು ಹಾರಿಸದೆ ಬಂದದ್ದಕ್ಕೆ, "ಹಂದಿಗೆ ಹೆದರಿದ ಗಂಡಸು" ಎಂದು ನಿಮ್ಮಪ್ಪನನ್ನು ಹಂಗಿಸಿದರಂತೆ. ಅವರು ತಿರುಗಿ ಒಂದು ಮಾತೂ ಆಡಲಿಲ್ಲ. ಮರುವರ್ಷ ಪುಣೆಗೆ ಬಂದು ಬಟ್ಟೆ ಅಂಗಡಿ ಸೇರಿದರು. ನನಗೆ ಹೇಳಿದ್ದು "ಅಡವಿ ಬ್ಯಾಸರಾತು" ಎಂದಷ್ಟೇ.

"ಖರೇನ ನೋಡೀರೇನ್ರಿ?" ಎಂದು ಕೇಳಿದೆ.

"ಅದು ಏನಂತ ಇವತ್ತಿಗೂ ಗೊತ್ತಿಲ್ಲವಾ. ನೋಡಿದ್ದು ಖರೇ" ಎಂದರು.

ನಿಮ್ಮಪ್ಪನ ಮರೆವಿನ ರೋಗ ಆಣೆಯನ್ನು ಮರೆಸಿತ್ತು, ಕಂಡದ್ದನ್ನು ಮರೆಸಿರಲಿಲ್ಲ. ಅಷ್ಟು ವರ್ಷ ಇಲ್ಲದ್ದು ಒಮ್ಮೆಲೇ ಬಂದಿತೆಂದು ನಾವು ಭ್ರಮೆ ಅಂದುಕೊಂಡೆವು, ಡಾಕ್ಟರು ಗುಳಿಗೆ ಬರೆದರು. ಗುಳಿಗೆ ನೀನು ಕೊಡಿಸಿದೆಯೆಂದು ಮನಸ್ಸಿಗೆ ಹಚ್ಚಿಕೊಳ್ಳಬೇಡ ಮಗಳೇ. ಅಪ್ಪನ ಮೇಲೆ ಜೀವ ಇರುವ ಯಾರಾದರೂ ಹಾಗೇ ಮಾಡುತ್ತಿದ್ದರು.

ನಾಗಪುರದಲ್ಲಿ ಥಂಡಿ ಜಾಸ್ತಿ, ಶ್ರದ್ಧಾ ಶಾಲೆಗೆ ಕಿವಿ ಮುಚ್ಚಿಕೊಂಡು ಹೋಗಲಿ. ಅಳಿಯಂದಿರಿಗೆ ಚಟ್ನಿ ಕಳಿಸುತ್ತೇನೆ. ಮೂವರೂ ನೂರು ಕಾಲ ಚೆನ್ನಾಗಿರಿ.

ನಿನ್ನ ಅವ್ವ
ಗೌರಾಬಾಯಿ

ತಾ.ಕ.: ನಿನಗೆ ಗೊತ್ತಿಲ್ಲದ್ದು ಒಂದಿದೆ. ಮನೆಗೆ ಕಳಿಸುವ ದಿನ ಡಾಕ್ಟರು, ಈಗಲೂ ಅದು ಕಾಣುತ್ತದೆಯೇ ಎಂದು ಕೇಳಿದರು. ನಿಮ್ಮಪ್ಪ ಬಹಳ ಹೊತ್ತು ನನ್ನ ಮುಖ ನೋಡಿದರು. ಆಮೇಲೆ, "ಇಲ್ರಿ ಸಾಹೇಬ್ರ, ನಾ ಯಾವತ್ತೂ ಏನೂ ನೋಡಿಲ್ರಿ. ಮನಿಗೆ ಕಳಸ್ರಿ" ಎಂದರು. ಡಾಕ್ಟರಿಗೆ ಅದನ್ನು ಮರಾಠಿಯಲ್ಲಿ ಹೇಳಿದವಳು ನಾನೇ. ಮನೆಗೆ ಬಂದ ಮೇಲೆ ಅವರು ಆ ಮಾತು ಎತ್ತಲೇ ಇಲ್ಲ. ಗುಣವಾಯಿತೆಂದು ನಾನು ಗಣಪತಿಗೆ ಕಾಯಿ ಒಡೆಸಿ ಬಂದೆ.

ಫಕೀರಪ್ಪನವರಿಂದ ಕೇಳುವುದು ಇನ್ನೂ ಇದೆ. ನಾಳೆ ಬೆಳಿಗ್ಗೆ ಬಸ್ಸಿಗೆ ಕೊಂಢವಾಕ್ಕೆ ಹೋಗುತ್ತೇನೆ.